ಉಪ್ಪುಗಾಳಿಗೆ ಮಾತು ಕೇಳದ ಬಟನ್ನು, ಜಾಯ್‌ಸ್ಟಿಕ್ಕು: ಮನೆಯಲ್ಲೇ ಕಟ್ಟಿದ ಆರ್ಕೇಡ್ ಪೆಟ್ಟಿಗೆಯ ದೋಷ ಹುಡುಕುವ ಬಗೆ

ಹಳೆಯ ವಿಡಿಯೊ ಗೇಮ್ ಆಡಲೆಂದು ಮೇಜಿನ ಮೇಲೆ ಕೂರಿಸುವ ಆರ್ಕೇಡ್ ಪೆಟ್ಟಿಗೆ ಕಾರವಾರ, ಅಂಕೋಲಾ, ಕುಮಟಾ ಕಡೆ ಕೈಕೊಡುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಒಂದು, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ. ಇನ್ನೊಂದು, ಮಳೆಗಾಲವೆಲ್ಲ ಮುಚ್ಚಿಟ್ಟದ್ದನ್ನು ದೀಪಾವಳಿ ರಜೆಗೆ ಮಕ್ಕಳು ತೆಗೆದಾಗ. ಆಗ ಬೋರ್ಡು ಹೋಯಿತು, ಸಾಫ್ಟ್‌ವೇರ್ ಕೆಟ್ಟಿತು ಎಂದು ಹೊಸದಕ್ಕೆ ಆರ್ಡರ್ ಹಾಕುವವರೇ ಹೆಚ್ಚು. ಬೋರ್ಡು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ತಪ್ಪು ಸಾಮಾನ್ಯವಾಗಿ ಲೋಹಕ್ಕೆ ಲೋಹ ತಾಗುವ ಯಾವುದೋ ಒಂದು ಜಾಗದಲ್ಲಿರುತ್ತದೆ: ಸ್ವಿಚ್ಚಿನ ಒಳಗೆ, ವೈರಿನ ತುದಿಯಲ್ಲಿ, ಇಲ್ಲವೇ ಪ್ಲಗ್ಗಿನಲ್ಲಿ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಇದ್ದದ್ದನ್ನೇ ಅದಲುಬದಲು ಮಾಡಿ ನೋಡಿ.

ಇಲ್ಲಿ ಹೇಳುವುದು ಸಾಮಾನ್ಯ ಜೋಡಣೆಯ ಬಗ್ಗೆ: 12 ಮಿ.ಮೀ. ಪ್ಲೈವುಡ್ಡಿನ ಪೆಟ್ಟಿಗೆ, ಒಂದೋ ಎರಡೋ ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಆರು ಬಟನ್, ಸ್ಟಾರ್ಟ್ ಮತ್ತು ಕಾಯಿನ್ ಬಟನ್, ಬಟನ್ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ಒಂದೋ ಎರಡೋ ಯುಎಸ್‌ಬಿ ಎನ್‌ಕೋಡರ್ ಬೋರ್ಡ್, ಒಳಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಹಳೆಯ ಕಂಪ್ಯೂಟರ್.

ಬಿಚ್ಚುವ ಮೊದಲು

ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಬಟನ್, ಜಾಯ್‌ಸ್ಟಿಕ್‌ಗಳಲ್ಲಿ ಓಡುವುದು 5 ವೋಲ್ಟ್, ಪೈಗೆ ನೇರವಾಗಿ ಜೋಡಿಸಿದ್ದರೆ 3.3 ವೋಲ್ಟ್. ಅದರಿಂದ ಮೈಗೆ ಅಪಾಯವಿಲ್ಲ. 230 ವೋಲ್ಟ್ ಬರುವ ಪವರ್ ಸಪ್ಲೈ ಡಬ್ಬಿಯ ಮಾತು ಬೇರೆ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಅದರ ಮುಚ್ಚಳ ತೆಗೆಯುವ ಕೆಲಸ ಈ ಬರಹದಲ್ಲಿ ಎಲ್ಲೂ ಬರುವುದಿಲ್ಲ, ನೀವೂ ತೆಗೆಯಬೇಡಿ.

ಜಾಯ್‌ಸ್ಟಿಕ್ಕಿನ ಲೋಹದ ಭಾಗ ಮುಟ್ಟಿದಾಗ ಬೆರಳು ಜುಮ್ ಎಂದರೆ ಆಟ ಅಲ್ಲಿಗೇ ನಿಲ್ಲಿಸಿ. ಅರ್ಥಿಂಗ್ ಇಲ್ಲದ ಪಾಯಿಂಟಿಗೆ ಜೋಡಿಸಿದಾಗ ಸಪ್ಲೈಯ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅಲ್ಪ ಕರೆಂಟ್ ಲೋಹದ ಮೈಗೆ ಬರುತ್ತದೆ. ಆದರೆ ನಿಜವಾದ ಲೀಕೇಜೂ ಹಾಗೆಯೇ ಜುಮ್ಮೆನ್ನುತ್ತದೆ. ಎರಡರಲ್ಲಿ ಯಾವುದು ಎಂದು ಬೆರಳಿಗೆ ತಿಳಿಯದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದ್ದರೆ ಅದನ್ನು ತೆಗೆದು ಎಸೆಯಿರಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಮನೆಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಲೀಕೇಜ್ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದ್ದು, ಪೆಟ್ಟಿಗೆ ಹಾಕಿದ ಕೂಡಲೇ ಅದು ಬೀಳುತ್ತಿದ್ದರೂ ಇದೇ ಮಾತು. ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿಯಾದರೆ ಅದನ್ನು ರಿಪೇರಿ ಮಾಡಿಸುವ ಗೋಜು ಬೇಡ, ಹೊಸದು ತನ್ನಿ. ಗುಡುಗು ಶುರುವಾದರೆ ಪ್ಲಗ್ ಕೀಳುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಟಿವಿಗೆ ಹೋಗುವ ಕೇಬಲ್, ನೆಟ್ ವೈರ್‌ಗಳನ್ನೂ ಬಿಡಿಸಲು ಮರೆಯಬೇಡಿ.

ಬೇಕಾದ ಸಾಮಾನು: ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಮೂತಿ ಚೂಪಾದ ಇಕ್ಕಳ, ಹಳೆಯ ಹಲ್ಲುಜ್ಜುವ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೆರಡು ಹೆಚ್ಚುವರಿ ಮೈಕ್ರೊಸ್ವಿಚ್ (ಬಟನ್, ಜಾಯ್‌ಸ್ಟಿಕ್‌ಗಳ ಅಡಿಯಲ್ಲಿರುವ ಪುಟ್ಟ ಸ್ವಿಚ್). ಪ್ಯಾನೆಲ್ ತೆರೆದೊಡನೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಹದಿನಾರು ಜೊತೆ ಒಂದೇ ಬಣ್ಣದ ವೈರು ಕಳಚಿಕೊಂಡರೆ ನೆನಪಿನ ಮೇಲೆ ಮತ್ತೆ ಜೋಡಿಸಲಾಗದು.

ಆಟದಲ್ಲಿ ಬಟನ್ ಕೆಲಸ ಮಾಡುತ್ತಿಲ್ಲ

ಪ್ಯಾನೆಲ್ ಇನ್ನೂ ಬಿಚ್ಚಬೇಡಿ. ಆಟದಿಂದ ಹೊರಬಂದು ಬಟನ್ ಪರೀಕ್ಷಿಸುವ ಪರದೆ ತೆರೆಯಿರಿ. ಪೈಯಲ್ಲಿ ಜೆಎಸ್‌ಟೆಸ್ಟ್ ಎಂಬ ಸಣ್ಣ ಪ್ರೋಗ್ರಾಂ ಇದೆ. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್ ಸೆಟ್ಟಿಂಗ್‌ನ ಪ್ರಾಪರ್ಟೀಸ್ ಪುಟ ಸಾಕು. ಒಂದೊಂದೇ ಬಟನ್ ಒತ್ತುತ್ತ ಹೋಗಿ.

ಇಲ್ಲಿ ಎಲ್ಲವೂ ಸರಿಯಾಗಿ ಬೆಳಗಿದರೆ ಬಟನ್, ವೈರು, ಬೋರ್ಡು ಮೂರೂ ಚೆನ್ನಾಗಿವೆ ಎಂದರ್ಥ. ತಪ್ಪಿರುವುದು ಯಾವ ಬಟನ್ ಯಾವ ಕೆಲಸಕ್ಕೆ ಎಂದು ಹೊಂದಿಸಿದ ಕಡೆ. ಒಂದೇ ಆಟದಲ್ಲಿ ತೊಂದರೆಯಾದರೆ ಆ ಆಟದ ಹೊಂದಾಣಿಕೆಯನ್ನು ಮಾತ್ರ ಅಳಿಸಿ ಮತ್ತೆ ಮಾಡಿ, ಎಲ್ಲ ಆಟಗಳಲ್ಲೂ ಆದರೆ ಮೂಲ ಹೊಂದಾಣಿಕೆಯನ್ನೇ ಮಾಡಿ. ಅಗ್ಗದ ಎನ್‌ಕೋಡರ್‌ಗಳಲ್ಲಿ ಮೋಡ್ ಎಂಬ ಬಟನ್ ಇರುತ್ತದೆ. ಅದು ಅಕಸ್ಮಾತ್ ಒತ್ತಿಹೋದರೆ ಜಾಯ್‌ಸ್ಟಿಕ್ಕಿನ ಸಂಕೇತ ಬೇರೆ ಬಗೆಯಲ್ಲಿ ಹೋಗಿ, ಆಟಕ್ಕೆ ಜಾಯ್‌ಸ್ಟಿಕ್ ಸತ್ತಂತೆ ಕಾಣುತ್ತದೆ. ಅದನ್ನು ಮತ್ತೊಮ್ಮೆ ಒತ್ತಿ ನೋಡಿ.

ಪರೀಕ್ಷೆಯ ಪರದೆಯಲ್ಲೂ ಬೆಳಗದಿದ್ದರೆ ಮಾತ್ರ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ.

ಒಂದೇ ಒಂದು ಬಟನ್ ಸತ್ತಿದೆ, ಅಥವಾ ನಾಲ್ಕು ಸಲ ಒತ್ತಿದರೆ ಒಮ್ಮೆ ಕೇಳುತ್ತದೆ

ಆ ಬಟನ್ನಿನ ವೈರು ಬೋರ್ಡಿಗೆ ಸೇರುವಲ್ಲಿನ ಪುಟ್ಟ ಪ್ಲಗ್ಗನ್ನು ಪಕ್ಕದ ಒಳ್ಳೆಯ ಬಟನ್ನಿನ ಪ್ಲಗ್ಗಿನೊಂದಿಗೆ ಅದಲುಬದಲು ಮಾಡಿ. ಮತ್ತೆ ಒತ್ತಿ ನೋಡಿ. ಮೊದಲಿನ ಬಟನ್ನೇ ಈಗಲೂ ಸತ್ತಿದ್ದರೆ ತಪ್ಪು ಬಟನ್ ಅಥವಾ ವೈರಿನದು. ಅದು ಬದುಕಿ ಪಕ್ಕದ್ದು ಸತ್ತರೆ ಬೋರ್ಡಿನ ಆ ಕಿಂಡಿ ಹೋಗಿದೆ. ಬೋರ್ಡಿನಲ್ಲಿ ಖಾಲಿ ಕಿಂಡಿ ಇದ್ದೇ ಇರುತ್ತದೆ. ಅದಕ್ಕೆ ಸಿಕ್ಕಿಸಿ, ಹೊಂದಾಣಿಕೆ ಬದಲಿಸಿ. ಹೊಸ ಬೋರ್ಡ್ ಬೇಡ.

ತಪ್ಪು ಬಟನ್ ಕಡೆಗಿದ್ದರೆ ಮುಂದಿನ ಹೆಜ್ಜೆ ಒಂದು ಪೇಪರ್ ಕ್ಲಿಪ್. ಇದಕ್ಕೆ ಪೆಟ್ಟಿಗೆ ಹಚ್ಚಿರಬೇಕು. ಪರೀಕ್ಷೆಯ ಪರದೆ ನೋಡುತ್ತ, ಸ್ವಿಚ್ಚಿನ ಎರಡೂ ವೈರಿನ ತುದಿಗಳಿಗೆ ಕ್ಲಿಪ್ ಒಟ್ಟಿಗೆ ತಾಗಿಸಿ. ಪರದೆಯಲ್ಲಿ ಬೆಳಗಿದರೆ ಸ್ವಿಚ್ ಕೆಟ್ಟಿದೆ, ಬೆಳಗದಿದ್ದರೆ ವೈರು ಕೆಟ್ಟಿದೆ. ಲೈಟ್ ಹೊತ್ತುವ ಬಟನ್‌ಗಳಿಗೆ ನಾಲ್ಕು ತುದಿ ಇರುತ್ತವೆ, ಅಲ್ಲಿ ಜೋಕೆ. ಎರಡು ಸ್ವಿಚ್ಚಿನವು, ಎರಡು ಎಲ್‌ಇಡಿಯವು. ಎಲ್‌ಇಡಿಗೆ 12 ವೋಲ್ಟ್ ಕೊಟ್ಟಿದ್ದು, ಕ್ಲಿಪ್ ಜಾರಿ ಅದನ್ನು ಸ್ವಿಚ್ಚಿನ ತುದಿಗೆ ಕೂಡಿಸಿದರೆ ಎನ್‌ಕೋಡರ್ ಅಲ್ಲೇ ತೀರಿಹೋಗುತ್ತದೆ. ಎಲ್‌ಇಡಿಯ ವೈರುಗಳನ್ನು ಮೊದಲೇ ಬಿಡಿಸಿಟ್ಟುಕೊಳ್ಳಿ.

ವೈರಿನ ತುದಿಯ ಕ್ಲಿಪ್ಪುಗಳು 2.8, 4.8, 6.3 ಮಿ.ಮೀ. ಅಳತೆಗಳಲ್ಲಿ ಬರುತ್ತವೆ. 4.8ರ ನಾಲಿಗೆಗೆ 6.3ರ ಕ್ಲಿಪ್ ಹಾಕಿ ಸಾಗಿಸಿದ್ದರೆ ಅದು ಕೂತಂತೆ ಕಾಣುತ್ತದೆ, ತಾಗುವುದು ಒಂದು ಅಂಚಿನಲ್ಲಿ ಮಾತ್ರ. ಎಳೆದಾಗ ಸಲೀಸಾಗಿ ಬಂದರೆ ಕ್ಲಿಪ್ಪಿನ ಎರಡು ಮಡಿಕೆಗಳನ್ನು ಇಕ್ಕಳದಿಂದ ಸ್ವಲ್ಪವೇ ಒತ್ತಿ ಬಿಗಿ ಮಾಡಿ. ಸ್ವಿಚ್ಚಿನ ಮೇಲೆ ಮೂರು ತುದಿ ಇದ್ದರೆ ಕಾಮನ್ ಮತ್ತು ಎನ್‌ಓ (ಒತ್ತಿದಾಗ ಮಾತ್ರ ಕೂಡುವುದು) ಎಂಬೆರಡಕ್ಕೆ ವೈರು ಬರಬೇಕು. ಒತ್ತದಿದ್ದಾಗ ಕೂಡಿರುವ ಎನ್‌ಸಿಗೆ ಹೋಗಿದ್ದರೆ ಬಟನ್ ಉಲ್ಟಾ ವರ್ತಿಸುತ್ತದೆ: ಮುಟ್ಟದಿದ್ದಾಗ ಒತ್ತಿದಂತೆ, ಒತ್ತಿದಾಗ ಬಿಟ್ಟಂತೆ.

ಈಗ ಸ್ವಿಚ್. ವೈರು ಬಿಡಿಸಿ, ಮೀಟರನ್ನು ಅತಿ ಕಡಿಮೆ ಓಮ್‌ಗೆ ಇಟ್ಟು, ಒತ್ತಿ ಹಿಡಿದು ಅಳೆಯಿರಿ. ಒಳ್ಳೆಯ ಸ್ವಿಚ್ 1 ಓಮ್‌ನ ಆಸುಪಾಸು ತೋರಿಸುತ್ತದೆ. ಅಂಕಿ ಕುಣಿಯುತ್ತಿದ್ದರೆ, 40 ಎಂದು 300ಕ್ಕೆ ಹಾರಿ ಮತ್ತೆ ಇಳಿಯುತ್ತಿದ್ದರೆ, ಒಳಗೆ ಲೋಹಕ್ಕೆ ಲೋಹ ತಾಗುವ ಬಿಂದು ಕಪ್ಪಾಗಿದೆ. ಇದೊಂದು ವಿಚಿತ್ರ. ಹೆಚ್ಚಿನ ಅಗ್ಗದ ಮೈಕ್ರೊಸ್ವಿಚ್‌ಗಳ ಮೇಲೆ 10 ಆಂಪಿಯರ್, 16 ಆಂಪಿಯರ್ ಎಂದು ಬರೆದಿರುತ್ತದೆ. ಹಾಗೆ ಬರೆದದ್ದು ಭಾರಿ ಕರೆಂಟಿಗೆ ಮಾಡಿದ ಬೆಳ್ಳಿಯ ಬಿಂದುಗಳ ಸ್ವಿಚ್. ಭಾರಿ ಕರೆಂಟ್ ಹರಿದರೆ ಕಿಡಿಯೇ ಬಿಂದುವಿನ ಮೇಲಿನ ಪೊರೆಯನ್ನು ಸುಟ್ಟು ಸ್ವಚ್ಛ ಮಾಡುತ್ತದೆ. ನಮ್ಮ ಎನ್‌ಕೋಡರ್ ಹರಿಸುವುದು ಅರ್ಧ ಮಿಲಿ ಆಂಪಿಯರ್ ಇದ್ದರೆ ಹೆಚ್ಚು. ಅದಕ್ಕೆ ಪೊರೆ ಹರಿಯುವ ಶಕ್ತಿಯಿಲ್ಲ, ಕರಿ ಹಾಗೇ ಕೂರುತ್ತದೆ. ಅಂಗಡಿಯಲ್ಲಿ 16 ಆಂಪಿಯರ್‌ನದು ಗಟ್ಟಿ ಎಂದು ಕೊಟ್ಟರೆ ಬೇಡವೆನ್ನಿ. ಸಣ್ಣ ಕರೆಂಟಿನದು, ಸಿಕ್ಕರೆ ಚಿನ್ನದ ಲೇಪದ ಬಿಂದುವಿನದು ಕೇಳಿ.

ಸದ್ಯಕ್ಕೆ ಅದೇ ಸ್ವಿಚ್ಚನ್ನು ನಲವತ್ತು ಐವತ್ತು ಸಲ ಟಕಟಕ ಒತ್ತಿ, ಮತ್ತೆ ಅಳೆದು ನೋಡಿ. ಉಜ್ಜಾಟಕ್ಕೆ ಪೊರೆ ಹರಿದು ಒಂದು ಹಂಗಾಮು ನಡೆದುಹೋಗಬಹುದು. ಅಂಕಿ ಇಳಿಯದಿದ್ದರೆ ಸ್ವಿಚ್ ಬದಲಿಸಿ; ಬಟನ್ ಪೂರ್ತಿ ಬದಲಿಸುವ ಅಗತ್ಯ ಹೆಚ್ಚಿನ ಮಾದರಿಗಳಲ್ಲಿ ಇಲ್ಲ.

ಬೆಳಿಗ್ಗೆ ಕೈಕೊಡುತ್ತದೆ, ಮಧ್ಯಾಹ್ನ ಸರಿ. ಮಳೆ ಹೊಡೆದಾಗ ತಾನಾಗಿ ಒತ್ತಿಕೊಳ್ಳುತ್ತದೆ

ಇದು ಕರಾವಳಿಯ ಖಾಸಾ ರೋಗ. ಗಾಳಿಯಲ್ಲಿ ಬರುವ ಉಪ್ಪು ಬೋರ್ಡಿನ ಮೇಲೆ, ಪ್ಲಗ್ಗಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಗಾಳಿಯ ತೇವ 75 ಶೇಕಡ ದಾಟಿತೆಂದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಜುಲೈ ತಿಂಗಳಲ್ಲಿ ಆಗುವುದೇ ಇಲ್ಲೂ ಆಗುವುದು. ಆ ಉಪ್ಪುನೀರಿನ ಪದರ ಎರಡು ಪಿನ್ನುಗಳ ನಡುವೆ ಕಳ್ಳದಾರಿ ಮಾಡಿಕೊಡುತ್ತದೆ, ಬೋರ್ಡು ಅದನ್ನೇ ಬಟನ್ ಒತ್ತಿದ್ದು ಎಂದು ತಿಳಿಯುತ್ತದೆ. ಬಿಸಿಲೇರಿ ಒಣಗಿದೊಡನೆ ಸರಿ.

ಇಲ್ಲಿ ಹಲವರು ಮಾಡುವ ತಪ್ಪು ನೇರವಾಗಿ ಆಲ್ಕೋಹಾಲ್ ಹಾಕಿ ಉಜ್ಜುವುದು. ಜಿಡ್ಡು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಉಪ್ಪು ಆಲ್ಕೋಹಾಲಿನಲ್ಲಿ ಕರಗುವುದೇ ಅಪರೂಪ. ಮೊದಲು ನೀರು ಬೇಕು, ಅದೂ ಬಾವಿ ನೀರಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಎಲ್ಲ ಪ್ಲಗ್ಗು ಬಿಡಿಸಿ, ಬೋರ್ಡನ್ನು ಹೊರತೆಗೆದು, ಬ್ರಷ್ಷನ್ನು ಆ ನೀರಿನಲ್ಲಿ ಅದ್ದಿ ಪಿನ್ನುಗಳ ನಡುವೆ ಎರಡು ಸಲ ಉಜ್ಜಿ. ಆಮೇಲೆ ಆಲ್ಕೋಹಾಲಿನಿಂದ ಇನ್ನೊಮ್ಮೆ ಉಜ್ಜಿ. ಅದು ಉಳಿದ ನೀರನ್ನು ಎಳೆದುಕೊಂಡು ಹಾರಿಹೋಗುತ್ತದೆ. ಒಲೆಯಾಗಲಿ, ಹೊತ್ತಿದ ದೀಪವಾಗಲಿ ಹತ್ತಿರ ಬೇಡ, ಆಲ್ಕೋಹಾಲಿನ ಆವಿಗೆ ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದು ಮಾಡಿ. ಫ್ಯಾನಿನ ಕೆಳಗೆ ಅರ್ಧ ದಿನ ಬಿಟ್ಟು ಆಮೇಲೆ ಕರೆಂಟ್ ಕೊಡಿ.

ವೈರಿನ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಒಂದು ಸೆಂ.ಮೀ. ಕತ್ತರಿಸಿ ಒಳಗಿನ ತಾಮ್ರ ನೋಡಿ. ಹೊಳೆಯುತ್ತಿದ್ದರೆ ಹೊಸ ಕ್ಲಿಪ್ ಹಾಕಿ. ಕಪ್ಪಗಿದ್ದರೆ ಇನ್ನೊಂದು ಸೆಂ.ಮೀ. ಅಲ್ಲೂ ಕಪ್ಪಗಿದ್ದರೆ ಆ ವೈರಿನ ಆಸೆ ಬಿಡಿ. ತೇವ ಪ್ಲಾಸ್ಟಿಕ್ಕಿನ ಒಳಗೇ ಹತ್ತಿ ಹೋಗಿದೆ, ಬೆಸುಗೆಯೂ ಹಿಡಿಯುವುದಿಲ್ಲ. ಹೊಸದಕ್ಕೆ ಎಳೆಗಳ ಮೇಲೆ ತವರದ ಲೇಪವಿರುವ ವೈರು ಕೊಳ್ಳಿ, ಬೆಳ್ಳಗೆ ಕಾಣುವುದೇ ಗುರುತು. ಕ್ಲಿಪ್ ಕೂರಿಸಿದ ಮೇಲೆ ಹೊರಮೈಗೆ ವ್ಯಾಸಲೀನ್ ತೆಳ್ಳಗೆ ಸವರಿ, ಬ್ಯಾಟರಿಯ ತುದಿಗೆ ಹಚ್ಚುವಂತೆ. ಸ್ವಿಚ್ಚಿನ ಒಳಗೆ ಮಾತ್ರ ಏನನ್ನೂ ಹಾಕಬೇಡಿ.

ಬಟನ್‌ಗಳನ್ನು ಎನ್‌ಕೋಡರ್ ಇಲ್ಲದೆ ಪೈಯ ಪಿನ್ನುಗಳಿಗೆ ನೇರ ಜೋಡಿಸಿದವರಿಗೆ ಈ ಕಾಟ ಇನ್ನೂ ಹೆಚ್ಚು. ಒತ್ತದಿದ್ದಾಗ ಪಿನ್ನನ್ನು 3.3 ವೋಲ್ಟ್‌ನಲ್ಲಿ ಹಿಡಿದಿಡುವ, ಪೈಯ ಒಳಗಿನ ಪುಲ್‌ಅಪ್ ರೆಸಿಸ್ಟರ್ ಸುಮಾರು 50 ಕಿಲೋ ಓಮ್. ಬಲ ಸಾಲದು, ಸ್ವಲ್ಪ ತೇವಕ್ಕೇ ಸೋಲುತ್ತದೆ. ಪ್ರತಿ ಪಿನ್ನಿನಿಂದ 3.3 ವೋಲ್ಟ್ ಪಿನ್ನಿಗೆ ಒಂದೊಂದು 2.2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಒಂದೇ ಏಟಿಗೆ ಎರಡು ಲಾಭ. ತೇವದ ಕಳ್ಳದಾರಿ ಸಾಲದಾಗುತ್ತದೆ, ಸ್ವಿಚ್ಚಿನಲ್ಲಿ ಹರಿಯುವ ಕರೆಂಟ್ 1.5 ಮಿಲಿ ಆಂಪಿಯರ್‌ಗೆ ಏರಿ ಬಿಂದುವಿಗೂ ತುಸು ಅನುಕೂಲವಾಗುತ್ತದೆ. ಪಕ್ಕದಲ್ಲೇ ಇರುವ 5 ವೋಲ್ಟ್ ಪಿನ್ನಿಗೆ ತಪ್ಪಿಯೂ ಜೋಡಿಸಬೇಡಿ. ಪೈಯ ಆ ಪಿನ್ನುಗಳು 5 ವೋಲ್ಟ್ ತಾಳುವುದಿಲ್ಲ.

ಶಿರಸಿ, ಸಿದ್ದಾಪುರದ ಕಡೆ ಉಪ್ಪಿಲ್ಲ, ಆದರೆ ಬೂಷ್ಟು ಇದೆ. ಅದಕ್ಕೆ ಆಲ್ಕೋಹಾಲ್ ಒಂದೇ ಸಾಕು. ಇರುವೆ ಗೂಡು, ಹಲ್ಲಿಯ ಹಿಕ್ಕೆ ಎರಡೂ ಕಡೆಗೆ ಸಮಾನ. ಪೆಟ್ಟಿಗೆಯ ಗಾಳಿಕಿಂಡಿಗೆ ಸೊಳ್ಳೆಪರದೆಯ ತುಂಡು ಅಂಟಿಸಿ.

ಒಂದು ಸಾಲಿನ ಬಟನ್‌ಗಳೆಲ್ಲ ಒಟ್ಟಿಗೆ ಸತ್ತಿವೆ

ನಾಲ್ಕು ಸ್ವಿಚ್ ಒಟ್ಟಿಗೆ ಕೆಡುವುದಿಲ್ಲ. ಬಟನ್‌ನಿಂದ ಬಟನ್‌ಗೆ ಸರಪಳಿಯಂತೆ ಹೋಗುವ ಗ್ರೌಂಡ್ ವೈರು ಎಲ್ಲೋ ಕಳಚಿದೆ. ಮೂರನೆಯದರವರೆಗೆ ಸರಿ, ನಾಲ್ಕರಿಂದ ಸತ್ತಿದ್ದರೆ ಮೂರು ಮತ್ತು ನಾಲ್ಕರ ನಡುವೆ ನೋಡಿ. ಸರಪಳಿಯ ಕೊನೆಯ ತುದಿಯನ್ನೂ ಬೋರ್ಡಿನ ಗ್ರೌಂಡಿಗೆ ತಂದು ಸೇರಿಸಿದರೆ ಒಂದು ಕಡೆ ಕಳಚಿದರೂ ಆಟ ನಿಲ್ಲದು.

ಎಲ್ಲ ಬಟನ್‌ಗಳೂ ಸತ್ತರೆ ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಮೊಬೈಲ್ ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ.

ಬಟನ್ ಒಳಗೇ ಸಿಕ್ಕಿಕೊಳ್ಳುತ್ತದೆ, ಅಥವಾ ಒಂದು ಒತ್ತಿಗೆ ಎರಡು ಸಲ ಹೊಡೆಯುತ್ತದೆ

ಸಿಕ್ಕಿಕೊಂಡರೆ ಮೊದಲು ಹಿಂಬದಿಯ ನಟ್ಟನ್ನು ಕಾಲು ಸುತ್ತು ಸಡಿಲಿಸಿ. ಅತಿಯಾಗಿ ಬಿಗಿದ ನಟ್ಟು ಪ್ಲಾಸ್ಟಿಕ್ಕನ್ನು ಅದುಮಿ ಒಳಗಿನ ಭಾಗವನ್ನು ಹಿಡಿದಿಡುತ್ತದೆ. ಆಗಲೂ ಸರಿಯಾಗದಿದ್ದರೆ ಬಟನ್ ಹೊರತೆಗೆದು ಕೈಯಲ್ಲಿ ಹಿಡಿದು ಒತ್ತಿ. ಕೈಯಲ್ಲಿ ಸಲೀಸು, ತೂತಿನಲ್ಲಿ ಬಿಗಿ ಎಂದರೆ ಮರ ಉಬ್ಬಿದೆ. 30 ಮಿ.ಮೀ. ಬಟನ್ನಿಗೆ ಕೊರೆದ ತೂತು ಮಳೆಗಾಲದಲ್ಲಿ ಕಿರಿದಾಗುತ್ತದೆ. ಈಗಲೇ ಉಜ್ಜಬೇಡಿ; ಒಂದು ವಾರ ಒಣಗಿಸಿ, ಆಮೇಲೂ ಬಿಗಿಯಿದ್ದರೆ ಮರಳುಕಾಗದದಿಂದ ಅರ್ಧ ಮಿ.ಮೀ. ಹಿಗ್ಗಿಸಿ, ತೂತಿನ ಒಳಗೋಡೆಗೆ ಎರಡು ಕೈ ವಾರ್ನಿಶ್ ಕೊಡಿ. ಪ್ಲೈವುಡ್ ನೀರು ಕುಡಿಯುವುದು ಕೊಯ್ದ ಅಂಚಿನಿಂದಲೇ. ಪ್ಯಾನೆಲ್ ಎಂಡಿಎಫ್‌ನದಾಗಿದ್ದು (ಮರದ ನಾರು ಒತ್ತಿ ಮಾಡಿದ ಹಲಗೆ) ಉಬ್ಬಿದ್ದರೆ ಒಣಗಿದರೂ ಮೊದಲಿನಂತಾಗದು. ಹೊಸ ಪ್ಯಾನೆಲ್ಲಿಗೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈ ತನ್ನಿ.

ಎರಡು ಸಲ ಹೊಡೆಯುವುದಕ್ಕೆ ಕಾರಣ ಸ್ವಿಚ್ಚಿನ ಒಳಗಿನ ಎಲೆ ಒಮ್ಮೆ ತಾಗಿ ಪುಟಿಯುವುದು. ಹೊಸ ಸ್ವಿಚ್ಚಿನಲ್ಲೂ ಕೆಲವು ಮಿಲಿ ಸೆಕೆಂಡ್ ಪುಟಿತ ಇದ್ದೇ ಇದೆ, ಸವೆದಂತೆ ಅದು ಬೆಳೆಯುತ್ತದೆ. ಆರ್ಡುಯಿನೊ ಬಳಸಿ ನೀವೇ ಎನ್‌ಕೋಡರ್ ಮಾಡಿದ್ದರೆ ಡಿಬೌನ್ಸ್ ಸಮಯ, ಅಂದರೆ ಪುಟಿತವನ್ನು ಲೆಕ್ಕಿಸದೆ ಬಿಡುವ ಹೊತ್ತು, 5 ಮಿಲಿ ಸೆಕೆಂಡ್‌ನಿಂದ ಶುರುಮಾಡಿ, 10ರ ಮೇಲೆ ಹೋಗಬೇಡಿ. ಪರದೆಯ ಒಂದು ಚಿತ್ರ ನಿಲ್ಲುವುದೇ 16.7 ಮಿಲಿ ಸೆಕೆಂಡ್. ಸ್ವಿಚ್ಚಿನ ಮುಪ್ಪನ್ನು ಸಾಫ್ಟ್‌ವೇರಿನಲ್ಲಿ ಮುಚ್ಚಲು ಹೋದರೆ ಬಟನ್ ಮಂಕಾಗುತ್ತದೆ.

ಜಾಯ್‌ಸ್ಟಿಕ್ ಒಂದು ಕಡೆ ತಳ್ಳಿದರೆ ಆಟ ಇನ್ನೊಂದು ಕಡೆ ಓಡುತ್ತದೆ

ಮೇಲೆ ತಳ್ಳಿದಾಗ ಬಲಕ್ಕೆ, ಬಲಕ್ಕೆ ತಳ್ಳಿದಾಗ ಕೆಳಗೆ ಹೋದರೆ ಜಾಯ್‌ಸ್ಟಿಕ್ಕನ್ನೇ ಕಾಲು ಸುತ್ತು ತಿರುಗಿಸಿ ಕೂರಿಸಲಾಗಿದೆ. ಮೇಲೆ ಕೆಳಗೆ ಮಾತ್ರ ಅದಲುಬದಲಾಗಿದ್ದರೆ ಒಂದು ಮಾತು ನೆನಪಿಡಿ: ಹಿಡಿಯನ್ನು ಮೇಲಕ್ಕೆ ತಳ್ಳಿದಾಗ ಅದರ ಬುಡ ಕೆಳಕ್ಕೆ ಹೋಗುತ್ತದೆ, ಒತ್ತುವುದು ಕೆಳಗಿನ ಸ್ವಿಚ್ಚನ್ನು. ಏತದ ಕೋಲಿನ ಹಾಗೆ. ಮೇಲಿನ ಸ್ವಿಚ್ಚಿಗೆ ಮೇಲಿನ ವೈರು ಎಂದು ಜೋಡಿಸಿದವರಿಗೆಲ್ಲ ಇದೇ ಆಗುವುದು.

ಮೂಲೆಗೆ ಹೋಗುವುದಿಲ್ಲ; ಅಥವಾ ಬೇಡವೆಂದರೂ ಮೂಲೆಗೇ ಹೋಗುತ್ತದೆ

ಇವೆರಡೂ ಹೆಚ್ಚಿನ ಸಲ ದೋಷವೇ ಅಲ್ಲ, ತಡೆಪಟ್ಟಿಯ ಆಕಾರದ ಪ್ರಶ್ನೆ. ಜಾಯ್‌ಸ್ಟಿಕ್ಕಿನ ಅಡಿಯಲ್ಲಿ ಹಿಡಿಯ ಬುಡ ಎಲ್ಲಿಯವರೆಗೆ ಹೋಗಬಹುದೆಂದು ತಡೆಯುವ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ. 1980ರ ಪ್ಯಾಕ್‌ಮ್ಯಾನ್, 1981ರ ಡಾಂಕಿ ಕಾಂಗ್ ನಾಲ್ಕು ದಿಕ್ಕಿನ ಆಟಗಳು. ಎಂಟು ದಿಕ್ಕಿನ ಜಾಯ್‌ಸ್ಟಿಕ್ಕಿನಲ್ಲಿ ಆಡಿದರೆ ಕೈ ಸ್ವಲ್ಪ ಮೂಲೆಗೆ ಜಾರಿ ಎರಡು ಸ್ವಿಚ್ ಒಟ್ಟಿಗೆ ಒತ್ತಿಹೋಗುತ್ತವೆ, ಪ್ಯಾಕ್‌ಮ್ಯಾನ್ ತಿರುವು ತಪ್ಪಿಸಿಕೊಳ್ಳುತ್ತಾನೆ. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಮೂಲೆ ಬೇಕೇ ಬೇಕು. ಹಲವು ಜಾಯ್‌ಸ್ಟಿಕ್‌ಗಳಲ್ಲಿ ಪಟ್ಟಿಯನ್ನು ಬಿಚ್ಚಿ ತಿರುಗಿಸಿ ಹಾಕಿದರೆ ನಾಲ್ಕಕ್ಕೂ ಎಂಟಕ್ಕೂ ಬದಲಾಗುತ್ತದೆ. ಒಂದೇ ಜಾಯ್‌ಸ್ಟಿಕ್ಕಿನಲ್ಲಿ ಎರಡೂ ಬಗೆಯ ಆಟ ಆಡುವವರು ಎಂಟರಲ್ಲೇ ಇಟ್ಟು, ಹಳೆಯ ಆಟಗಳಲ್ಲಿ ಕೈ ಪಳಗಿಸಿಕೊಳ್ಳುವುದು ವಾಸಿ. ದಿನಕ್ಕೆರಡು ಸಲ ಪೆಟ್ಟಿಗೆ ಮಗುಚುವುದು ಯಾರಿಗೂ ಆಗದ ಕೆಲಸ.

ಎಂಟರ ಪಟ್ಟಿ ಇದ್ದೂ ಒಂದೇ ಮೂಲೆ ಬರುತ್ತಿಲ್ಲವೆಂದರೆ ಆಗ ದೋಷ. ನಿಧಾನವಾಗಿ ತಳ್ಳುತ್ತ ಕಿವಿಗೊಡಿ. ಮೂಲೆಗೆ ಎರಡು ಟಿಕ್ ಕೇಳಬೇಕು. ಒಂದೇ ಕೇಳಿದರೆ ಸ್ವಿಚ್ ಕೂತ ಜಾಗದಿಂದ ಹಿಂದೆ ಸರಿದಿದೆ, ಇಲ್ಲವೇ ಅದರ ಲೋಹದ ಎಲೆ ಬಾಗಿದೆ. ಎರಡು ಕೇಳಿಯೂ ಪರದೆಯಲ್ಲಿ ಒಂದೇ ಕಂಡರೆ ಮತ್ತೆ ವೈರಿನ ಕಡೆ ಹೋಗಿ.

ಹಿಡಿ ನಡುವಿಗೆ ಮರಳುವುದಿಲ್ಲ, ಕಿರ್ ಎನ್ನುತ್ತದೆ

ತೆಂಗಿನೆಣ್ಣೆ ಬಿಟ್ಟಿದ್ದೀರಾ? ಕರಾವಳಿಯ ಮನೆಗಳಲ್ಲಿ ಬಾಗಿಲ ತಿರುಗಣಿಯಿಂದ ಹಿಡಿದು ಎಲ್ಲದಕ್ಕೂ ಅದೇ ಮದ್ದು. ಒಂದು ವಾರ ಚೆನ್ನಾಗಿ ಓಡುತ್ತದೆ, ಆಮೇಲೆ ಧೂಳು ಹಿಡಿದು ಗೋಂದಾಗುತ್ತದೆ, ಇರುವೆಗೂ ಕರೆಯೋಲೆ. ಬೇಕಾಗಿರುವುದು ಸಿಲಿಕೋನ್ ಗ್ರೀಸ್, ಕಡಲೆಕಾಳಿನಷ್ಟು.

ಬಿಚ್ಚುವ ಕ್ರಮ: ಅಡಿಯಲ್ಲಿ ಹಿಡಿಯ ತುದಿಗೆ ಇಂಗ್ಲಿಷಿನ ಇ ಅಕ್ಷರದ ಆಕಾರದ ಪುಟ್ಟ ಉಕ್ಕಿನ ಕ್ಲಿಪ್ ಇರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟುವಾಗ ಮೇಲೆ ಬಟ್ಟೆ ಮುಚ್ಚಿ, ಮುಖ ಪಕ್ಕಕ್ಕಿಡಿ. ಅದು ಚಿಮ್ಮಿ ಕಣ್ಣಿಗೂ ಹೋಗಬಹುದು, ಮಂಚದ ಕೆಳಗೂ ಹೋಗಬಹುದು. ಬಂದ ಭಾಗಗಳನ್ನು ಬಂದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿಡಿ. ಹಳೆಯ ಜಿಡ್ಡನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ತಿರುಗುವ ಗುಂಡು ಮತ್ತು ಅದರ ಬಟ್ಟಲಿಗೆ ಮಾತ್ರ ಗ್ರೀಸ್ ಸವರಿ. ಸ್ಪ್ರಿಂಗ್ ತುಕ್ಕು ಹಿಡಿದು ಒರಟಾಗಿದ್ದರೆ ಉಜ್ಜಿ ಹಾಕಬೇಡಿ, ಬದಲಿಸಿ.

ಜಾಯ್‌ಸ್ಟಿಕ್ ಇಡಿಯಾಗಿ ಅಲುಗಾಡುತ್ತಿದ್ದರೆ ಮರದ ಸ್ಕ್ರೂ ಹಾಕಿದ್ದೇ ಕಾರಣ. ಮಳೆಗಾಲ ಬೇಸಿಗೆಗಳ ಉಬ್ಬಿಳಿತಕ್ಕೆ ಪ್ಲೈ ಅದನ್ನು ಹಿಡಿದಿಡಲಾರದು. ಪ್ಯಾನೆಲ್ಲಿನ ಆಚೆಗೆ ಹಾಯುವ ಎಂ4 ಬೋಲ್ಟ್, ವಾಷರ್, ನೈಲಾನ್ ನಟ್ ನಾಲ್ಕೂ ಮೂಲೆಗೆ ಹಾಕಿ. ಸ್ಟೇನ್‌ಲೆಸ್ ಆದರೆ ಒಳ್ಳೆಯದು.

ಒತ್ತಿದ ಮೇಲೆ ತಡವಾಗಿ ಕೇಳುತ್ತದೆ

ತಪ್ಪು ಬಟನ್ನಿನದಲ್ಲ, ಬಹುಪಾಲು ಟಿವಿಯದು. ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಆಮೇಲೂ ತಡವಾದರೆ ಅಳೆಯಿರಿ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರದಂತೆ ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ಹಿಡಿದು, ಬಟನ್ ತಳಮುಟ್ಟಿದಲ್ಲಿಂದ ಪರದೆ ಬದಲಾಗುವವರೆಗೆ ಚಿತ್ರಗಳನ್ನು ಎಣಿಸಿ. ಒಂದೊಂದು ಚಿತ್ರವೂ ಸುಮಾರು 4 ಮಿಲಿ ಸೆಕೆಂಡ್. ಹಳೆಯ ಕಂಪ್ಯೂಟರ್ ಮಾನಿಟರ್‌ಗೆ ಹಾಕಿ ಮತ್ತೆ ಎಣಿಸಿ. ಅಂಕಿ ಇಳಿದರೆ ಟಿವಿಯೇ ಕಳ್ಳ. ಬ್ಲೂಟೂತ್ ಸ್ಪೀಕರಿನ ಸದ್ದು ಹಿಂದೆ ಬೀಳುವುದರಿಂದಲೂ ಬಟನ್ ತಡವೆಂಬ ಭ್ರಮೆ ಹುಟ್ಟುತ್ತದೆ.

ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು, ಬಟನ್‌ಗಳು ಆಗಾಗ ಮಾಯ

ಪೈಗೆ ಬರುವ ವೋಲ್ಟೇಜ್ ಸುಮಾರು 4.6ಕ್ಕಿಂತ ಕೆಳಗಿಳಿದಾಗ ಈ ಗುರುತು ಬರುತ್ತದೆ. ಪೈ 3ಕ್ಕೆ 5.1 ವೋಲ್ಟ್, 2.5 ಆಂಪಿಯರ್, ಪೈ 4ಕ್ಕೆ 3 ಆಂಪಿಯರ್ ಸಪ್ಲೈ ಬೇಕು. ಮೊಬೈಲ್ ಚಾರ್ಜರ್ ಸಾಲದು. ಹದಿನಾರು ಎಲ್‌ಇಡಿ ಬಟನ್‌ಗಳು ತಲಾ 20 ಮಿಲಿ ಆಂಪಿಯರ್ ಎಳೆದರೆ 320 ಆಯಿತು. ಅವಕ್ಕೆ ಬೇರೆಯೇ 5 ವೋಲ್ಟ್ ಅಡಾಪ್ಟರ್ ಕೊಡಿ.

ಒಂದನೇ ಆಟಗಾರ ಎರಡನೆಯವನಾಗುತ್ತಾನೆ

ಎರಡು ಎನ್‌ಕೋಡರ್‌ಗಳೂ ಒಂದೇ ಮಾದರಿಯವಾದರೆ ಕಂಪ್ಯೂಟರ್‌ಗೆ ಎರಡೂ ಒಂದೇ ಹೆಸರು. ಯಾವುದು ಮೊದಲು ಎದ್ದಿತೋ ಅದೇ ಒಂದನೆಯದು. ಎರಡನ್ನೂ ಯಾವಾಗಲೂ ಅದೇ ಯುಎಸ್‌ಬಿ ಕಿಂಡಿಗೆ ಹಾಕಿ, ಕಿಂಡಿಗೆ ಪೆನ್ನಿನಲ್ಲಿ ಗುರುತು ಮಾಡಿ. ಆಗಲೂ ಬದಲಾಗುತ್ತಿದ್ದರೆ ಒಂದನ್ನು ತೆಗೆದು ಬೇರೆ ಮಾದರಿಯದು ಹಾಕುವುದೇ ಕಡಿಮೆ ತಲೆನೋವು.

ಮುಚ್ಚಿಡುವಾಗ

ಪ್ಯಾನೆಲ್ ಮುಚ್ಚುವ ಮೊದಲು ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ 100 ಗ್ರಾಂ, ಬಟ್ಟೆಯ ಚೀಲದಲ್ಲಿ. ಕಿತ್ತಳೆ ಬಣ್ಣದ್ದು ಹಸಿರಾದಾಗ ತೆಗೆದು ಕಾಯಿಸಿದರೆ ಮತ್ತೆ ಬರುತ್ತದೆ. ಅಕ್ಕಿ ಇಡಬೇಡಿ, ಹುಳ ಬರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಪೆಟ್ಟಿಗೆ ಹಚ್ಚಿಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಕೂತು ಎಲ್ಲ ಬಟನ್‌ಗಳನ್ನೂ ಒತ್ತುತ್ತಿದ್ದರೆ ಸ್ವಿಚ್ಚಿನ ಬಿಂದುಗಳೂ ಕರಿಗಟ್ಟುವುದಿಲ್ಲ. ಆ ಕೆಲಸಕ್ಕೆ ಮನೆಯಲ್ಲಿ ಜನ ಸಿಗದೆ ಇರುವುದಿಲ್ಲ.